ಬಿಸಿಲು ತಾಗದ ಜಾಗ

ಬಿಳುಪು ಇರಬಾರದ ಕಡೆ ಬಿಳುಪು ಇತ್ತು.

ಮುರೋಯಿ ಮರದ ತುಂಡನ್ನು ಮೇಜಿನ ದೀಪಕ್ಕೆ ಹಿಡಿದ, ಆಮೇಲೆ ಕಿಟಕಿಗೆ ಹಿಡಿದ. ಅವನ ಓದುವ ಕೋಣೆಯ ಕಿಟಕಿ ಉತ್ತರಕ್ಕಿತ್ತು. ಅಲ್ಲಿ ಬೆಳಗ್ಗೆಯೂ ಒಂದೇ, ಸಂಜೆಯೂ ಒಂದೇ. ಆದರೂ ಕಣ್ಣಿಗೆ ಮೋಸವಿರಲಿಲ್ಲ. ತುಂಡಿನ ಮೈಯೆಲ್ಲ ಕಾಸಿದ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಮೊಣಕೈಯಂತೆ ಬಾಗಿದ ಕಡೆ, ಹೊರಮಗ್ಗುಲಲ್ಲಿ, ಎರಡು ಬೆರಳಗಲದ ಒಂದು ಚೌಕ ಮಾತ್ರ ನಿನ್ನೆ ಕೊಯ್ದ ಹಾಗೆ ಬಿಳಿಚಿಕೊಂಡಿತ್ತು.

ಚೆರಿ ಮರ ಬಿಸಿಲು ಕಂಡರೆ ಕಪ್ಪಾಗುತ್ತದೆ. ಎರಡು ತುಂಡು ಒಂದಕ್ಕೊಂದು ಒತ್ತಿಕೊಂಡಿದ್ದ ಮಗ್ಗುಲು ಮಾತ್ರ ಬಿಳುಪಾಗಿಯೇ ಉಳಿಯುತ್ತದೆ. ಅಂದರೆ ಯಾರೋ ಈ ತುಂಡುಗಳನ್ನು ಜೋಡಿಸಿ ಬಿಸಿಲಲ್ಲಿ ಇಟ್ಟಿದ್ದರು. ಒಂದೆರಡು ದಿನವಲ್ಲ, ಬಹಳ ದಿನ. ಅದೂ ಹೋಗಲಿ. ಆದರೆ ಇದು ಮುರೋಯಿ ತಾನೇ ಕಟ್ಟಿದ ಒಗಟು, ಅವನಿಗೆ ಗೊತ್ತಿದ್ದ ಬಿಡಿಸುವ ಬಗೆಯಲ್ಲಿ ಈ ಮಗ್ಗುಲು ಹೊರಗಿರುತ್ತದೆ, ಯಾವುದಕ್ಕೂ ತಾಗುವುದಿಲ್ಲ.

ಯಾರೋ ಬೇರೆ ಥರ ಜೋಡಿಸಿದ್ದರು.

ಬಾಯಲ್ಲಿ ಇನ್ನೂ ಸಿಹಿ ಇತ್ತು. ಬೆಳಗ್ಗೆ ತುಂಡುಗಳ ಡಬ್ಬದ ಪಕ್ಕದಲ್ಲಿ ಎಲೆ ಸುತ್ತಿದ ಅಕ್ಕಿಹಿಟ್ಟಿನ ಕಡುಬೊಂದು ಕೂತಿತ್ತು, ಹೂರಣದ್ದು. ಮೇ ತಿಂಗಳ ಮಕ್ಕಳ ಹಬ್ಬ ಮುಗಿದು ವಾರವಾದರೂ ಅವರ ಊರು ಒದವಾರಾದ ಅಂಗಡಿಗಳು ಅದನ್ನು ಮಾರುವುದು ಬಿಟ್ಟಿರಲಿಲ್ಲ. ತುಂಡು ನೋಡುತ್ತ ನೋಡುತ್ತಲೇ ತಿಂದಿದ್ದ. ಅಂಟಂಟಾದ ಎಲೆಯನ್ನು ಎಲ್ಲಿಡುವುದೆಂದು ತೋಚದೆ ಸ್ವೆಟರಿನ ಜೇಬಿಗೆ ತುರುಕಿದ್ದ.

ಒಗಟು ಸರಳ. ಮೂರು ತುಂಡು, ಒಂದೊಂದೂ ಒಂದೊಂದು ಥರ ಸೊಟ್ಟ. ಮೂರನ್ನೂ ಸೇರಿಸಿ ಸಮಮಿತಿಯಿರುವ ಆಕಾರ ಮಾಡಬೇಕು. ಯಾವ ಆಕಾರ ಎಂದು ಹೇಳುವುದಿಲ್ಲ, ಹೇಳದಿರುವುದೇ ಒಗಟು. ಮೂರು ಸೊಟ್ಟ ಸೇರಿ ಒಂದು ನೆಟ್ಟಗಾಗುವ ಕ್ಷಣ ಇದೆಯಲ್ಲ, ಅದಕ್ಕಾಗಿ ಜನ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಮಾಡಿದವನ ಮಾನ ನಿಂತಿರುವುದು ಒಂದೇ ಮಾತಿನ ಮೇಲೆ: ಆ ಆಕಾರ ಒಂದೇ ಇರಬೇಕು. ಎರಡಿದ್ದರೆ ಅದು ಒಗಟಲ್ಲ, ಮರದ ಚೂರು.

ನಾಳೆ ಟೋಕಿಯೊದಲ್ಲಿ ಕೂಟ. ನೂರು ಜನ ಒಗಟುಗಾರರು ತಂತಮ್ಮ ಒಗಟಿನ ನೂರು ಪ್ರತಿ ತಂದು ಒಬ್ಬರಿಗೊಬ್ಬರು ಬದಲಾಯಿಸಿಕೊಳ್ಳುವ ದಿನ. ಮುರೋಯಿಯ ಪ್ರತಿಗಳು ಬಡಗಿ ಓಕಿತ್ಸುವಿನ ಕೆಲಸದ ಕೊಟ್ಟಿಗೆಯಲ್ಲಿ ಸಿದ್ಧವಾಗಿದ್ದವು. ಪ್ರತಿ ಡಬ್ಬದಲ್ಲೂ ಇಡಬೇಕಾದ ಚೀಟಿಗಳು ಇವನ ಚೀಲದಲ್ಲಿದ್ದವು. ಚೀಟಿಯಲ್ಲಿ ಹೆಸರಿನ ಕೆಳಗೆ ಒಂದೇ ಸಾಲು: ಉತ್ತರ ಒಂದೇ.

"ಹೊರಟೆ," ಎಂದಳು ಹೆಂಡತಿ ಚಿಗುಸಾ ಬಾಗಿಲಲ್ಲಿ ನಿಂತು. ಬೂದು ಕೋಟು ಹಾಕಿಕೊಂಡಿದ್ದಳು.

"ಈ ಡಬ್ಬ ಯಾರು ಮುಟ್ಟಿದ್ದು?"

"ಧೂಳು ಒರೆಸ್ದೆ."

"ಧೂಳು ಹೊರಗಿರತ್ತೆ. ಒಳಗೆ ಯಾರು ಮುಟ್ಟಿದ್ದು ಅಂದೆ. ಈ ತಿಂಗಳು ಮನೆಗೆ ಯಾರಾದ್ರೂ ಬಂದಿದ್ರಾ?"

"ನಿಶಿನಾ ಅವ್ರು ಬಂದಿದ್ರು. ಅವತ್ತೇ ಹೇಳಿದ್ನಲ್ಲ."

"ಎಷ್ಟು ಹೊತ್ತಿದ್ರು?"

"ಟೀ ಕುಡಿಯೋಷ್ಟು ಹೊತ್ತು."

ಮುರೋಯಿ ತುಂಡನ್ನು ತಿರುಗಿಸಿದ. ಹೆಂಡತಿ ಹೋಗಲಿಲ್ಲ. ಅವಳಿಗೆ ಏನೋ ಬಾಕಿ ಇದ್ದಂತಿತ್ತು. ಇವನಿಗೆ ಅದು ಕಿರಿಕಿರಿ.

"ತಿಂದ್ರಾ?" ಎಂದಳು.

"ಏನು?"

"ಡಬ್ಬದ ಹತ್ರ ಇಟ್ಟಿದ್ದೆ."

"ಹೂಂ. ಸಿಹಿ ಜಾಸ್ತಿ."

"ಅಷ್ಟೇನಾ? ಏನೂ ಕೇಳಲ್ವಾ?"

"ಏನ್ ಕೇಳ್ಲಿ? ಎಷ್ಟು ಗಂಟೆಗೆ ಬರ್ತೀಯ?"

ಚಿಗುಸಾ ನಕ್ಕಳೋ ಏನೋ. "ಮನಾಜುರುಗೆ, ಅಕ್ಕನ ಮನೆಗೆ," ಎಂದಳು. ಅದು ಅವನ ಪ್ರಶ್ನೆಗೆ ಉತ್ತರವಾಗಿರಲಿಲ್ಲ, ಅವನು ಗಮನಿಸಲಿಲ್ಲ. ಹೊರಬಾಗಿಲು ಜರುಗಿ ಮುಚ್ಚಿದ ಸದ್ದಾಯಿತು.

ನಿಶಿನಾ. ಟೀ ಕುಡಿಯೋಷ್ಟು ಹೊತ್ತು. ನಿಶಿನಾನಂಥ ಒಗಟುಗಾರನಿಗೆ ಅಷ್ಟು ಸಾಕು.

ಓಕಿತ್ಸುವಿನ ಕಡೆಗೆ ಹೋಗುವ ಬೆಟ್ಟದ ಬಸ್ಸಿನಲ್ಲಿ ಕೂತಾಗ ಅವನ ಸಂಶಯಕ್ಕೆ ಕಾಲು ಬಂತು, ಓಡಾಡತೊಡಗಿತು. ಅವರ ಕೂಟದಲ್ಲಿ ಒಂದು ಹಳೆಯ ಕಟ್ಟಳೆ ಇದೆ. ಒಗಟು ಬಿಡಿಸಿದವರು ಉತ್ತರವನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಜೋಡಿಸಿ ತೋರಿಸುವಂತಿಲ್ಲ. ತುಂಡುಗಳನ್ನು ಬಿಡಿಬಿಡಿಯಾಗಿಯೇ ಡಬ್ಬಕ್ಕೆ ಹಾಕಿ, ಜೊತೆಗೆ ತಿನ್ನಲು ಏನಾದರೂ ಇಟ್ಟು, ಮಾಡಿದವನಿಗೆ ಮರಳಿಸಬೇಕು. ಮಾಡಿದವನು ಅದನ್ನು ತಿಂದು ಒಂದೇ ಮಾತು ಕೇಳಬೇಕು: ಎಷ್ಟು ದಿನ ಹಿಡಿಯಿತು? ಹೋದ ವರ್ಷ ನಿಶಿನಾ ಇವನ ಒಗಟನ್ನು ಹುರಿದ ಚೆಸ್ಟ್‌ನಟ್ ಪೊಟ್ಟಣದ ಜೊತೆ ಮರಳಿಸಿದ್ದ. ಮುರೋಯಿ ಕಟ್ಟಳೆಯಂತೆ ಕೇಳಿದ್ದ. "ದಿನವಾ?" ಎಂದು ನಿಶಿನಾ ಗಡಿಯಾರ ನೋಡಿಕೊಂಡಿದ್ದ. ಆ ಚೆಸ್ಟ್‌ನಟ್ ಮುರೋಯಿಗೆ ಇವತ್ತಿಗೂ ಅರಗಿರಲಿಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಸುಮ್ಮಸುಮ್ಮನೆ ಮುಟ್ಟಿ ನೋಡಿಕೊಳ್ಳುವುದಿಲ್ಲ. ಮುರೋಯಿ ಹುಡುಗಿಯರ ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಸಮಮಿತಿ ಎಂದರೆ ಏನೇನು ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕನ್ನಡಿ ಹಿಡಿದರೆ ಎರಡು ಅರ್ಧ ಸರಿಹೊಂದುವುದು ಒಂದು. ತಿರುಗಿಸಿದರೆ ಮತ್ತೆ ಅದೇ ಆಗಿ ಕಾಣುವುದು ಇನ್ನೊಂದು. ಮೂರನೆಯದೂ ಒಂದಿದೆ. ಅದರಲ್ಲಿ ಪ್ರತಿಯೊಂದು ಮೂಲೆಗೂ ಜೋಡಿಯಿರುತ್ತದೆ, ಆದರೆ ನಟ್ಟನಡುವಿನ ಆಚೆಗೆ: ಮೇಲಿನದಕ್ಕೆ ಕೆಳಗೆ, ಎಡದ್ದಕ್ಕೆ ಬಲಕ್ಕೆ, ಮುಂದಿನದಕ್ಕೆ ಹಿಂದೆ. ಕನ್ನಡಿಯೊಂದೇ ಸಾಲದು, ತಿರುಗಿಸುವುದೊಂದೇ ಸಾಲದು. ಎರಡೂ ಒಟ್ಟಿಗೆ ಆಗಬೇಕು. ಕಣ್ಣಿಗೆ ಅದು ಬರೀ ಸೊಟ್ಟ ವಸ್ತುವಿನ ಹಾಗೆ ಕಾಣುತ್ತದೆ.

ಉತ್ತರ ಒಂದೇ ಎಂದು ಖಾತರಿ ಮಾಡಿಕೊಳ್ಳಲು ಅವನೇ ಕಂಪ್ಯೂಟರಿಗೆ ಲೆಕ್ಕ ಬರೆದುಕೊಟ್ಟಿದ್ದ. ಮೂರೂ ಬಗೆಯನ್ನು ಹುಡುಕಬೇಕೆಂದರೆ ಇನ್ನೂ ಒಂಬತ್ತು ದಿನ ಬೇಕು ಎಂದಿತು ಯಂತ್ರ. ಓಕಿತ್ಸು ಮರ ಕೊಯ್ಯಲು ಕಾಯುತ್ತಿದ್ದ. ಮುರೋಯಿ ಮೂರನೆಯ ಬಗೆಯ ಸಾಲನ್ನು ಅಳಿಸಿಹಾಕಿದ. ಯಾರ ಕಣ್ಣಿಗೂ ಬೀಳದ್ದು ಇದ್ದರೇನು, ಬಿಟ್ಟರೇನು? ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಿತ್ತು.

ಓಕಿತ್ಸು ಕೊಟ್ಟಿಗೆಯಲ್ಲಿ ಉಳಿ ಮಸೆಯುತ್ತಿದ್ದ. ಎಪ್ಪತ್ತು ದಾಟಿದ ಮನುಷ್ಯ. ಎಡಗೈಯ ಎರಡು ಬೆರಳ ತುದಿ ಗರಗಸಕ್ಕೆ ಕೊಟ್ಟು ಉಳಿದ ಎಂಟರಲ್ಲೇ ಸಂಸಾರ ನಡೆಸಿದವನು.

"ಬನ್ನಿ ಮೇಷ್ಟ್ರೇ. ನಿಮ್ಮ ಮಕ್ಳು ಮುನ್ನೂರೂ ಸ್ನಾನ ಮಾಡಿ ಕೂತವೆ. ಚೀಟಿ ತಂದ್ರಾ?"

ಹಲಗೆಯ ಮೇಲೆ ತುಂಡುಗಳು ಸಾಲಾಗಿದ್ದವು, ಮೇಲೊಂದು ದಪ್ಪ ಬಟ್ಟೆ, ಬಿಸಿಲು ತಾಗದ ಹಾಗೆ. ಮುರೋಯಿ ಚೀಟಿ ತೆಗೆಯಲಿಲ್ಲ. ಡಬ್ಬದಿಂದ ಮಾದರಿಯ ಮೂರು ತುಂಡು ತೆಗೆದು ಮುದುಕನ ಮುಂದಿಟ್ಟ.

"ಇದನ್ನ ನೀವು ಬಿಸಿಲಲ್ಲಿ ಇಟ್ಟಿದ್ರಾ?"

"ನನ್ನ ಕೈಲಿ ಇದು ಇದ್ದಿದ್ದೇ ಫೆಬ್ರವರಿವರ್ಗೂ. ಫೆಬ್ರವರಿಲಿ ಎಲ್ಲಿ ಬಿಸಿಲು?" ಓಕಿತ್ಸು ಕನ್ನಡಕ ಹಣೆಗೇರಿಸಿ ನೋಡಿದ. "ಚೆರಿ ಎಳೇ ಮಗು ಇದ್ದಂಗೆ, ಬಿಸಿಲು ಕಂಡ್ರೆ ಸುಟ್ಕೊಳತ್ತೆ. ಇದು ಮೂರು ವಾರದ್ದು. ನಾಕೂ ಇರಬಹುದು. ಸಂಜೆ ಬಿಸಿಲು, ಒಂದೇ ಕಡೆಯಿಂದ ಬಿದ್ದಿರೋದು. ನೋಡಿ, ಇದರ ಬೆನ್ನು ಅದರ ಹೊಟ್ಟೆಗಿತ್ತು..." ಎಂದವನು ತಟಕ್ಕನೆ ನಿಲ್ಲಿಸಿ ತುಂಡುಗಳನ್ನು ಕೆಳಗಿಟ್ಟ. ಮುಖದಲ್ಲಿ ಸಣ್ಣ ನಗು ಬಂದು ಹೋಯಿತು.

"ಏನು ಕಾಣ್ತು?"

"ನಂಗೇನ್ ಕಾಣತ್ತೆ? ನಾನು ಮಾಡೋನು ಮೇಷ್ಟ್ರೇ, ಬಿಡಿಸೋನಲ್ಲ."

"ನಿಶಿನಾ ಇಲ್ಲಿಗೆ ಬಂದಿದ್ನಾ?"

"ಅಯ್ಯೋ, ಆ ಪುಣ್ಯಾತ್ಮ ಯಾಕೆ ಬರ್ತಾನೆ. ಅಮ್ಮಾವ್ರು ಬಂದಿದ್ರು, ಹೋದ್ವಾರ."

"ಯಾರು? ನಮ್ಮನೆಯವ್ಳಾ?"

"ಹೂಂ. ಅದೇ... ಬಟ್ಟೆ ಬೀರುಗೆ." ಓಕಿತ್ಸು ಉಳಿಯ ಬಾಯಿಯನ್ನು ಹೆಬ್ಬೆರಳಲ್ಲಿ ಮುಟ್ಟಿ ನೋಡಿದ. "ನಮ್ಮ ಲಾರಿ ಕೇಳಿದ್ರು. ನಿಮ್ಗೊತ್ತಲ್ಲ."

ಮುರೋಯಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದು ಅವನ ಬಾಯಿಗೆ ಒಗ್ಗದ ಮಾತು. ಮೂವತ್ತು ವರ್ಷ ಹಲಗೆಯ ಮುಂದೆ ನಿಂತವನು. "ಗೊತ್ತು, ಗೊತ್ತು," ಎಂದ. "ರಿಪೇರಿಗೆ."

"ರಿಪೇರಿ," ಎಂದ ಓಕಿತ್ಸು ನಿಧಾನವಾಗಿ. "ಹೂಂ. ಹಂಗೂ ಅನ್ಬಹುದು."

"ಬಂದಾಗ ಇದರ ವಿಷ್ಯ ಏನಾದ್ರೂ ಕೇಳಿದ್ಲಾ? ತುಂಡಿನ ವಿಷ್ಯ?"

ಮುದುಕ ತಲೆಯೆತ್ತಿ ಅವನ ಮುಖ ನೋಡಿದ. ಆ ನೋಟದಲ್ಲಿ ಏನಿತ್ತೆಂದು ಮುರೋಯಿಗೆ ಬಗೆಹರಿಯಲಿಲ್ಲ. ಕನಿಕರ ಎನ್ನುವಂತಿತ್ತು, ಕನಿಕರ ಪಡುವವರಿಗೆ ಏನೋ ಗೊತ್ತಿರುತ್ತದೆ ಎಂದುಕೊಂಡ.

"ಇಲ್ಲ ಮೇಷ್ಟ್ರೇ. ತುಂಡಿನ ವಿಷ್ಯ ಬರ್ಲಿಲ್ಲ. ಚೀಟಿ ಕೊಡ್ತೀರಾ? ನಾಳೆ ಬೆಳಿಗ್ಗೆ ಐದಕ್ಕೆ ಗಾಡಿ ಹೊರಡತ್ತೆ."

"ಸಂಜೆ ಹೇಳ್ತೀನಿ."

"ಐದು ಗಂಟೆಗೆ ನಾನೇ ಫೋನ್ ಮಾಡ್ತೀನಿ. ಇಲ್ಲ ಅಂದ್ರೆ ಇಲ್ಲ ಅನ್ನಿ, ಬೇಜಾರಿಲ್ಲ. ಇವತ್ತು ಹೇಳ್ಬಿಡಿ ಅಷ್ಟೇ."

ಇಳಿಯುವ ಬಸ್ಸಿನಲ್ಲಿ ಪಕ್ಕದವಳು ನಿದ್ದೆಗೆ ಜಾರಿ ಅವನ ಭುಜಕ್ಕೆ ತಲೆ ಒರಗಿಸಿದಳು. ಮುರೋಯಿ ಅಲುಗದೆ ಕೂತ, ಅವಳು ಎದ್ದು ಕ್ಷಮೆ ಕೇಳಿದರೆ ಏನು ಹೇಳಬೇಕಾದೀತೋ ಎಂಬ ಹೆದರಿಕೆಗೆ. ಅವಳ ನಿಲ್ದಾಣ ಬಂತು. ಇಳಿದು ಹೋದಳು, ತಿರುಗಿ ನೋಡಲಿಲ್ಲ. ಭುಜ ಬಹಳ ಹೊತ್ತು ಬೆಚ್ಚಗಿತ್ತು.

ಮನೆಗೆ ಬಂದವನೇ ಬೂಟು ಬಿಚ್ಚಿ ನಿಶಿನಾನಿಗೆ ಫೋನ್ ಮಾಡಿದ.

"ನನ್ನ ಒಗಟು ಮುಟ್ಟಿದ್ರಾ?"

"ಕೊಡದೆ ಹೇಗೆ ಮುಟ್ಲಿ ಮುರೋಯಿ ಅವ್ರೇ? ನಾಳೆ ಕೊಡ್ತೀರಲ್ಲ, ಅದಕ್ಕೇ ಕಾಯ್ತಿದೀನಿ. ಊಟಕ್ಕೆ ಮುಂಚೆ ಕೊಡಿ, ಊಟ ಆಗೋದ್ರಲ್ಲಿ ಮುಗಿಸ್ತೀನಿ."

"ನಮ್ಮನೆಗೆ ಬಂದಾಗ ಅದು ಎಲ್ಲಿತ್ತು?"

"ಯಾವುದು? ನಾನು ನೋಡಿದ್ದು ಟೀ ಲೋಟ. ನಿಮ್ಮನೆಯವ್ರ ಜೊತೆ ಅರ್ಧ ಗಂಟೆ ಮಾತಾಡ್ದೆ."

"ಏನು ಮಾತು?"

"ಒಂದು ಪ್ರಶ್ನೆ ಕೇಳಿದ್ರು. ಕನ್ನಡಿ ಹಿಡಿದ್ರೂ ಸರಿಹೊಂದಲ್ಲ, ತಿರುಗಿಸಿದ್ರೂ ಸರಿಹೊಂದಲ್ಲ, ಆದ್ರೂ ಎಲ್ಲೋ ಸರಿಯಾಗಿದೆ ಅನ್ಸತ್ತೆ, ಅಂಥ ವಸ್ತು ಇರತ್ತಾ ಅಂತ. ಇರತ್ತೆ ಅಂದೆ. ನನ್ನ ಯಾಕೆ ಕೇಳ್ತೀರಿ, ಮನೇಲೇ ಮೇಷ್ಟ್ರಿದಾರಲ್ಲ ಅಂದೆ."

"ಅದಕ್ಕೆ?"

"‘ಅವ್ರನ್ನೂ ಕೇಳ್ದೆ, ಹೂಂ ಅಂದ್ರು’ ಅಂದ್ರು ನಿಮ್ಮನೆಯವ್ರು."

ಮುರೋಯಿ ಫೋನ್ ಇಟ್ಟ. ಚಿಗುಸಾ ಕೇಳಿದ್ದು ಅವನಿಗೆ ನೆನಪಿರಲಿಲ್ಲ. ಹೂಂ ಎಂದದ್ದು ಮಾತ್ರ ನಿಜವಿರಬೇಕು. ಅದು ಅವನದೇ ಮಾತು.

ಚಿಗುಸಾ. ಅವಳು ಒಂದು ಒಗಟನ್ನೂ ಕೈಗೆತ್ತಿಕೊಂಡದ್ದನ್ನು ಅವನು ಕಂಡಿರಲಿಲ್ಲ. ಮದುವೆಯಾದ ಹೊಸದರಲ್ಲಿ ಒಂದನ್ನು ಕೊಟ್ಟಿದ್ದ. ಎರಡು ದಿನ ಒದ್ದಾಡುವುದನ್ನು ನೋಡಲಾರದೆ ತಾನೇ ಜೋಡಿಸಿ ತೋರಿಸಿದ್ದ. ಅವಳು ಬೇಜಾರು ಮಾಡಿಕೊಂಡಿದ್ದಳು. ಕಟ್ಟಳೆ ಮುರಿದವನು ತಾನೇ ಎಂದು ಅವನಿಗೆ ಈಗ ಹೊಳೆಯಿತು, ಇಪ್ಪತ್ತೆರಡು ವರ್ಷದ ಮೇಲೆ. ಅದರ ಬೆನ್ನಿಗೇ ಇನ್ನೊಂದು ಸಂಶಯ: ಅವಳು ಇದನ್ನು ಇನ್ನೆಷ್ಟು ಜನಕ್ಕೆ ಹೇಳಿದ್ದಾಳೆ?

ಮೇಜಿನ ಮುಂದೆ ಕೂತು ಬಿಳುಪಿಗೆ ಬಿಳುಪು ಒತ್ತಿದ. ಹತ್ತು ನಿಮಿಷ ಕೂಡ ಹಿಡಿಯಲಿಲ್ಲ. ಮೂರನೆಯ ತುಂಡು ಸರಕ್ಕನೆ ಜಾರಿ ಕೂತಿತು. ಓಕಿತ್ಸುವಿನ ಕೆಲಸದಲ್ಲಿ ಕೂದಲು ತೂರುವಷ್ಟೂ ಸಂದಿರಲಿಲ್ಲ. ಕೈಯಲ್ಲಿದ್ದದ್ದು ಸೊಟ್ಟ ವಸ್ತು. ಎಲ್ಲಿಂದ ನೋಡಿದರೂ ಸೊಟ್ಟ. ಅವನಿಗೆ ಒಂದು ಗಳಿಗೆ ಜೀವ ಬಂದಂತಾಯಿತು: ಇದು ಉತ್ತರವಲ್ಲ, ಯಾರೋ ತಿಳಿಯದೆ ಒತ್ತಿಟ್ಟದ್ದು. ಚೀಟಿ ಹಾಗೆಯೇ ಇರಬಹುದು.

ಆದರೂ ಎದ್ದು ಮುಖ ತೊಳೆಯುವ ಕೋಣೆಗೆ ಹೋಗಿ ಕನ್ನಡಿಯ ಮುಂದೆ ನಿಂತ. ವಸ್ತುವನ್ನು ಎದೆಯ ಮಟ್ಟಕ್ಕೆ ಹಿಡಿದು ಅದರ ಮೂಲೆಮೂಲೆಯನ್ನೂ ಕಣ್ಣಲ್ಲಿ ತುಂಬಿಕೊಂಡ. ಆಮೇಲೆ, ತನ್ನ ಕಡೆಗಿದ್ದ ಮಗ್ಗುಲು ತನ್ನ ಕಡೆಗೇ ಇರುವಂತೆ, ಗಡಿಯಾರದ ಮುಳ್ಳಿನ ಹಾಗೆ ಅರ್ಧ ಸುತ್ತು ತಿರುಗಿಸಿ ಅದನ್ನು ತಲೆಕೆಳಗು ಮಾಡಿದ. ಕನ್ನಡಿಯಲ್ಲಿ ನೋಡಿದ.

ತಲೆಕೆಳಗು ಮಾಡುವ ಮೊದಲು ಕೈಯಲ್ಲಿ ಹೇಗಿತ್ತೋ ಹಾಗೆಯೇ ಕನ್ನಡಿಯೊಳಗೆ ನೆಟ್ಟಗೆ ನಿಂತಿತ್ತು. ಅವನು ಅಳಿಸಿಹಾಕಿದ್ದ ಮೂರನೆಯ ಬಗೆ. ಅದರ ಹಿಂದೆ ಅವನ ಮುಖ.

ಎಷ್ಟೋ ಹೊತ್ತಿನ ಮೇಲೆ ಅವನಿಗೆ ಬಂದ ಯೋಚನೆ ವಿಚಿತ್ರವಾದದ್ದು: ಇದು ಎಲ್ಲಿ ಕೂತಿತ್ತು? ಅವನು ದಿನಾ ಇರುವ ಮನೆ. ಮೂರು ವಾರ ಇದು ಜೋಡಿಸಿಕೊಂಡು, ಯಾರಿಗೂ ಮುಚ್ಚುಮರೆಯಿಲ್ಲದೆ, ಬಿಸಿಲು ಕಾಯಿಸುತ್ತ ಕೂತಿತ್ತು. ಸಂಜೆ ಬಿಸಿಲು ಎಂದಿದ್ದ ಓಕಿತ್ಸು. ಈ ಮನೆಯಲ್ಲಿ ಸಂಜೆ ಬಿಸಿಲು ಬರುವುದು ಒಂದೇ ಕೋಣೆಗೆ. ಚಿಗುಸಾಳ ಕೋಣೆಗೆ. ಅವನ ಗೊರಕೆಗೋ ಅವಳ ಕೆಮ್ಮಿಗೋ ಇಬ್ಬರೂ ಬೇರೆ ಮಲಗತೊಡಗಿ ವರ್ಷಗಳಾಗಿದ್ದವು. ಹೋದ ಚಳಿಗಾಲದಿಂದೀಚೆಗೆ ಅವನು ಅಲ್ಲಿಗೆ ಕಾಲಿಟ್ಟಿರಲಿಲ್ಲ. ಕಾರಣವೇನೂ ಇರಲಿಲ್ಲ. ಕೆಲಸವಿರಲಿಲ್ಲ, ಅಷ್ಟೇ.

ಕಾಗದದ ಬಾಗಿಲು ಜರುಗಿಸಿದ. ಬಿಸಿಲು ನೇರ ಕಣ್ಣಿಗೆ ಹೊಡೆಯಿತು. ಕಿಟಕಿಯ ಕೆಳಗಿನ ಅಡ್ಡಹಲಗೆ ಹೊಸದು, ಬಣ್ಣ ಬಳಿದಿರಲಿಲ್ಲ, ಬಿಸಿಲಿಗೆ ಕಂದಾಗತೊಡಗಿತ್ತು. ಅದರ ನಡುವೆ ಒಂದು ಬಿಳಿಯ ಗುರುತು, ಸೊಟ್ಟಗೆ. ಮುರೋಯಿ ವಸ್ತುವನ್ನು ಅದರ ಮೇಲಿಟ್ಟ. ಸ್ವಲ್ಪ ತಿರುಗಿಸಿದ. ಗುರುತು ಪೂರಾ ಮುಚ್ಚಿತು, ಒಂದು ಎಳೆಯೂ ಆಚೆಗೆ ಉಳಿಯದಂತೆ.

ಹಿಡಿದೆ ಎಂದುಕೊಂಡ. ಗೆದ್ದವನ ಹಾಗೆ ತಿರುಗಿದ.

ಕೋಣೆ ಇಷ್ಟು ದೊಡ್ಡದೆಂದು ಅವನಿಗೆ ಗೊತ್ತಿರಲಿಲ್ಲ. ನೆಲದ ಹುಲ್ಲುಚಾಪೆ ವರ್ಷಗಟ್ಟಲೆ ಬಿಸಿಲುಂಡು ಒಣಹುಲ್ಲಿನಂತೆ ಹಳದಿಯಾಗಿತ್ತು. ಹಳದಿಯ ನಡುವೆ ಅಲ್ಲಲ್ಲಿ ಹಸಿರು. ಗೋಡೆಯ ಬದಿಗೆ ಆಳುದ್ದದ ಹಸಿರು ಚೌಕ. ಮೂಲೆಯಲ್ಲಿ ನಾಲ್ಕು ಪುಟ್ಟ ಹಸಿರು ಬಿಲ್ಲೆಗಳು. ಕಿಟಕಿಯ ಹತ್ತಿರ ಇನ್ನೊಂದು, ಅರ್ಧಚಂದ್ರದಂಥದ್ದು. ಅಭ್ಯಾಸಬಲ, ಅವನು ಮೊದಲು ನೋಡಿದ್ದು ಇವುಗಳಲ್ಲಿ ಸಮಮಿತಿ ಇದೆಯೇ ಎಂದು. ಇರಲಿಲ್ಲ. ಯಾವುದು ಯಾವುದರ ಗುರುತು ಎಂದು ಆಮೇಲೆ ನಿಧಾನವಾಗಿ ತಿಳಿಯಿತು. ಆಳುದ್ದದ್ದು ಬೀರು. ಬಿಲ್ಲೆಗಳು ಹೊಲಿಗೆ ಯಂತ್ರದ ಕಾಲು. ಅರ್ಧಚಂದ್ರ ಅವಳ ತಾಯಿ ಕೊಟ್ಟ ಕನ್ನಡಿಯ ಪೀಠ. ಗೋಡೆಗೂಡಿನ ಬಾಗಿಲು ಎಳೆದ. ಒಂದು ಹಾಸಿಗೆ ಮಡಿಸಿಟ್ಟಿತ್ತು, ಒಗೆದು, ಅತಿಥಿಗೆ ಇಡುವ ಹಾಗೆ. ಉಳಿದದ್ದೆಲ್ಲ ಖಾಲಿ.

ಬೀರು ಲಾರಿಯಲ್ಲಿ ಹೋಗಿತ್ತು. ಇವನ ಓದುವ ಕೋಣೆಯ ಮುಂದಿನಿಂದಲೇ ಹೋಗಿರಬೇಕು; ಬೇರೆ ದಾರಿಯಿಲ್ಲ. ಆಗ ಇವನು ಮನೆಯಲ್ಲಿದ್ದನೇ, ಶಾಲೆಯಲ್ಲಿದ್ದನೇ? ಯಾರಾದರೂ ಕೇಳಿದ್ದರೆ ಹೂಂ ಎಂದಿರುತ್ತಿದ್ದ.

ಕೈ ತಾನಾಗಿ ಜೇಬಿಗೆ ಹೋಯಿತು. ಬೆರಳಿಗೆ ಅಂಟಂಟಾಗಿ ಏನೋ ತಾಗಿತು. ತೆಗೆದು ನೋಡಿದ. ಎಲೆ.

ತುಂಡುಗಳು ಬಿಡಿಬಿಡಿಯಾಗಿದ್ದವು. ಜೊತೆಗೆ ತಿನ್ನುವಂಥದ್ದು ಇತ್ತು. ಅವನು ತಿಂದಿದ್ದ. ಅವಳು ಬಾಗಿಲಲ್ಲಿ ನಿಂತಿದ್ದಳು, ಕೋಟು ಹಾಕಿಕೊಂಡು. ಕಟ್ಟಳೆಯಂತೆ ಅವನು ಕೇಳಬೇಕಾದ ಮಾತು ಒಂದೇ ಒಂದು ಇತ್ತು.

"ಎಷ್ಟು ದಿನ ಹಿಡೀತು?" ಎಂದ ಮುರೋಯಿ.

ಗಟ್ಟಿಯಾಗಿಯೇ ಕೇಳಿದ. ಖಾಲಿ ಕೋಣೆಯಲ್ಲಿ ದನಿ ತನ್ನದಲ್ಲವೆಂಬಂತೆ ಕೇಳಿಸಿತು. ಒಳಗೆ ಫೋನು ಬಡಿದುಕೊಳ್ಳತೊಡಗಿತು. ಐದು ಗಂಟೆ. ಓಕಿತ್ಸು ಮಾತಿಗೆ ತಪ್ಪುವವನಲ್ಲ. ಇಲ್ಲ ಅಂದ್ರೆ ಇಲ್ಲ ಅನ್ನಿ ಎಂದಿದ್ದ.

ಬಿಸಿಲು ಚಾಪೆಯ ಮೇಲೆ ತೆವಳುತ್ತ ಬೀರುವಿನ ಹಸಿರಿನ ಅಂಚಿಗೆ ಬಂದಿತ್ತು. ಮೂರು ವಾರ ಸಾಕು; ನಾಲ್ಕೂ ಹಿಡಿಯಬಹುದು. ಆಮೇಲೆ ಇಲ್ಲಿ ಏನಿತ್ತೆಂದು ಯಾರೂ ಹೇಳಲಾರರು, ಅವನೂ ಹೇಳಲಾರ. ಮುರೋಯಿಗೆ ಗಾಬರಿಯಾಯಿತು. ಓಡಿಹೋಗಿ ಕಿಟಕಿಯ ಹೊರಗಿನ ಮರದ ಕದಗಳನ್ನು ಒಂದೊಂದಾಗಿ ಎಳೆದ. ಕೊನೆಯದು ಸಿಕ್ಕಿಕೊಂಡಿತು. ಎತ್ತಿ, ಒದ್ದು, ಮುಚ್ಚಿದ. ಹಲಗೆಯ ಮೇಲಿನ ವಸ್ತು ಕಾಣದಾಯಿತು, ಚಾಪೆ ಕಾಣದಾಯಿತು.

ಫೋನು ನಿಂತಿತು. ಮತ್ತೆ ಶುರುವಾಯಿತು. ಅವನು ಮಂಡಿಯೂರಿ, ಬೀರು ಕೂತು ಕೂತು ಚಾಪೆ ತಗ್ಗಾದ ಅಂಚನ್ನು ಬೆರಳಿನಿಂದ ತಡಕಿದ. ಸಿಕ್ಕಿತು. ಕಾಲು ಆಚೆಗೆ ಚಾಚದ ಹಾಗೆ ಮಡಿಸಿಕೊಂಡು, ಕತ್ತಲಲ್ಲಿ, ಆ ಚೌಕದೊಳಗೆ ಕೂತ.